ಕೆಂಪು ಪೆನ್ನು ಹಿಡಿಯುವವರು ಯಾರು?

ಕಂಪ್ಯೂಟರಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲ ಬೈಗುಳ ಬಳಸುವವರಿಗೆ, ಅದರಲ್ಲೂ ಹೆಂಗಸರಿಗೆ. 'ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದಿರಿ? ಏನನ್ನು ಒತ್ತಿದಿರಿ?' ಎಂಬ ವಿಚಾರಣೆ. ಹೀಗೆ ವಿಚಾರಿಸುವ ಜಾಣರು 'ಸುಡೊ' ಕಥೆಯನ್ನು ಕೇಳಿಲ್ಲವೆಂದು ಕಾಣುತ್ತದೆ.

ಲಿನಕ್ಸ್ ಇರುವ ಕಂಪ್ಯೂಟರುಗಳಲ್ಲಿ ಸುಡೊ ಒಂದು ಪುಟ್ಟ ಆಜ್ಞೆ. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯ ಮೇಲೆ ಅಕ್ಷರದಲ್ಲೇ ಬರೆಯಬೇಕು. ಯಜಮಾನಿಯ ಬೀಗದಕೈ ಗೊಂಚಲನ್ನು ನಂಬಿಕೆಯವರಿಗೆ ಒಂದು ಕೆಲಸದ ಮಟ್ಟಿಗೆ ಕೊಡಿಸುವುದು ಅದರ ಉದ್ಯೋಗ. 2021ರ ಜನವರಿಯಲ್ಲಿ ಕ್ವಾಲಿಸ್ ಎಂಬ ಸಂಸ್ಥೆಯವರು ಅದರಲ್ಲೊಂದು ತೂತಿದೆಯೆಂದು ಬಯಲು ಮಾಡಿದರು. ಆ ಕಂಪ್ಯೂಟರಿನಲ್ಲಿ ಒಂದು ಸಾಧಾರಣ ಖಾತೆಯಿದ್ದರೆ ಸಾಕು, ನಂಬಿಕೆಯವರ ಪಟ್ಟಿಯಲ್ಲಿ ಹೆಸರಿಲ್ಲದವನೂ ಇಡೀ ಯಜಮಾನಿಕೆಯನ್ನು ಕಸಿದುಕೊಳ್ಳಬಹುದಿತ್ತು. ಯಜಮಾನಿ ಎಂಥ ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ಅಡ್ಡಿಯಿರಲಿಲ್ಲ. ತೂತು ಬಿದ್ದದ್ದು 2011ರ ಜುಲೈಯಲ್ಲಿ! ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿಗೆ ಬಂದಿತ್ತು.

ತಪ್ಪಾದರೂ ಎಂಥದ್ದು? ಸಾಲು ಮುಗಿಯಿತೆಂದು ತಿಳಿಸಲು ಕಂಪ್ಯೂಟರಿಗೆ ಕೊನೆಯಲ್ಲೊಂದು ಗುರುತಿರುತ್ತದೆ, ನಮ್ಮ ಪೂರ್ಣವಿರಾಮದ ಹಾಗೆ. ಹಿಂದಕ್ಕೆ ವಾಲಿದ ಓರೆಗೆರೆಯೊಂದೂ ಇದೆ. 'ನನ್ನ ಮುಂದಿರುವುದಕ್ಕೆ ವಿಶೇಷ ಅರ್ಥ ಹಚ್ಚಬೇಡ, ಬರೀ ಅಕ್ಷರವೆಂದು ತಿಳಿ' ಎಂದು ಅದರ ಅಪ್ಪಣೆ. ಆ ಗೆರೆಯನ್ನೇ ಸಾಲಿನ ಕಟ್ಟಕಡೆಗೆ ಇಟ್ಟರೆ ಸುಡೊ ಪೂರ್ಣವಿರಾಮವನ್ನೂ ಅಕ್ಷರವೆಂದು ನುಂಗಿ, ಅದರಾಚೆ ಇದ್ದುದನ್ನೆಲ್ಲ ನಕಲು ಮಾಡುತ್ತ ಹೋಗುತ್ತಿತ್ತು. ಜಾಗ ಅಳೆಯುವಾಗ ಮಾತ್ರ ವಿರಾಮದ ತನಕ ಅಳೆದಿತ್ತು. ಪಾವಿನ ಲೆಕ್ಕಕ್ಕೆ ಪಾತ್ರೆಯಿಟ್ಟು ಸೇರಿನ ಲೆಕ್ಕಕ್ಕೆ ಸುರಿದಂತೆ! ಉಕ್ಕಿದ್ದು ಪಕ್ಕದ ಜಾಗದಲ್ಲಿದ್ದುದನ್ನು ಅಳಿಸಿ ತಾನು ಕೂರುತ್ತದೆ. ಕಳ್ಳನಿಗೆ ಬೇಕಾದದ್ದೂ ಅದೇ. ಇದಕ್ಕೆ ಅವರು 'ಬಫರ್ ಓವರ್‌ಫ್ಲೋ' ಎನ್ನುತ್ತಾರೆ. ಹಾಲು ಕಾಯಿಸುವವರಿಗೆ ಹೆಚ್ಚಿನ ವಿವರಣೆ ಬೇಡ. ಸುಡೊ ಎಂದೇ ಕರೆದರೆ ಕಾವಲಿತ್ತು. 'ಸುಡೊಎಡಿಟ್' ಎಂಬ ಇನ್ನೊಂದು ಹೆಸರಿನಿಂದ ಕರೆದರೆ ಇರಲಿಲ್ಲ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲಿಗೆ ಅಗುಳಿಯೂ ಇಲ್ಲ.

ಇಷ್ಟಾದರೂ, 'ಇದರ ಬರಹವೆಲ್ಲ ಬಹಿರಂಗ, ಯಾರು ಬೇಕಾದರೂ ಓದಬಹುದು, ಆದ್ದರಿಂದ ಭದ್ರ' ಎಂದು ವಾದಿಸುವವರಿದ್ದಾರೆ. ಓದಬಹುದು, ಸರಿ. ಓದಿದರೆ? ಮಕ್ಕಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟ ಮಾತ್ರಕ್ಕೆ ಅವು ತಿದ್ದಿಕೊಳ್ಳುವುದಿಲ್ಲ. ಕೆಂಪು ಪೆನ್ನು ಹಿಡಿದು ಒಬ್ಬರು ಕೂರಲೇಬೇಕು. ಬರಹವನ್ನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಿಟ್ಟಿದ್ದರೆ ಹೊರಗಿನವರು ಹುಡುಕುವುದು ಇನ್ನೂ ಕಷ್ಟವಾಗುತ್ತಿತ್ತು. ತಿದ್ದುವವರಿಗೆ ಸಂಬಳ ಕೊಡಿ ಎನ್ನುತ್ತಿದ್ದೇನೆ. ಪುಕ್ಕಟೆ ಸಿಕ್ಕಿದ್ದನ್ನು ಬಳಸಿ ಕೋಟಿ ಎಣಿಸುವ ಕಂಪನಿಗಳಿಗೆ ಊರಬಾವಿಯ ನೀರು ಬೇಕು, ಹೂಳೆತ್ತುವ ದಿನ ಮೈಗೆ ಹುಷಾರಿರುವುದಿಲ್ಲ. ಸುಡೊವನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡು ಬಂದವರು ಟಾಡ್ ಮಿಲ್ಲರ್ ಎಂಬೊಬ್ಬರು. ಆ ಕೆಲಸಕ್ಕೆ ಹಣ ಕೊಡುವವರು ಯಾರಾದರೂ ಇದ್ದೀರಾ ಎಂದು ಅವರು ಎಲ್ಲರ ಮುಂದೆ ಕೇಳಬೇಕಾಗಿ ಬಂತು.