ಸೀಡಿಗೆ ದೃಷ್ಟಿ ತೆಗೆಯುವವರು

ಸೀಡಿಯನ್ನು ಯಂತ್ರದ ಮೇಲಿಟ್ಟು, ಗುಂಡಿ ಒತ್ತಿ, ಅದರ ಕಾಂತತ್ವ ಕಳೆದರೆ ವೀಣೆಯ ನಾದ ಬಿಚ್ಚಿಕೊಳ್ಳುತ್ತದಂತೆ. ಜಪಾನಿನ ಫುರುಟೆಕ್ ಕಂಪನಿ ಇಂಥ ದುಬಾರಿ ಯಂತ್ರಗಳನ್ನು ಮಾರಿದೆ. ಕೊಂಡವರು ಆಣೆಯಿಟ್ಟು ಸಮರ್ಥಿಸುತ್ತಾರೆ. ನನ್ನ ಮಟ್ಟಿಗೆ ಇದು ಪ್ಲಾಸ್ಟಿಕ್ ಬಿಲ್ಲೆಗೆ ದೃಷ್ಟಿ ತೆಗೆದಂತೆ. ಆದರೆ ಬೆಂಗಳೂರಿನ ತ್ಯಾಗರಾಜನಗರದಲ್ಲಿ ಕೂತು ಹಾಗೆನ್ನುವುದು ಕಷ್ಟ. ಕಛೇರಿ ಕೇಳಿ ಕಿವಿ ಪಳಗಿದ ಹಿರಿಯರು ‘ನನಗೆ ಕೇಳಿಸಿತು’ ಎಂದರೆ ಮಾತು ಮುಗಿಯಿತು.

ಸಮರ್ಥಕರ ವಾದ ಇಷ್ಟು: ಲೇಬಲಿನ ಶಾಯಿಯಲ್ಲಿ ಕಬ್ಬಿಣ, ನಿಕಲ್, ಕೋಬಾಲ್ಟ್ ಇರುತ್ತವೆ, ಡಿಸ್ಕ್ ತಿರುಗುವಾಗ ಅವುಗಳ ಕಾಂತಕ್ಷೇತ್ರ ಸಂಗೀತವನ್ನು ಕೆಡಿಸುತ್ತದೆ. ಇರಬಹುದು ಅಂತಲೇ ಇಟ್ಟುಕೊಳ್ಳೋಣ. ಪ್ಲೇಯರಿನ ಮುಚ್ಚಳ ತೆಗೆದು ನೋಡಿದ್ದೀರಾ? ಲೇಸರಿನ ಮಸೂರವನ್ನು ಅಲುಗಿಸುವುದೇ ತಂತಿಸುರುಳಿ ಮತ್ತು ಅಯಸ್ಕಾಂತ, ಅದೂ ಡಿಸ್ಕಿನ ಕೆಳಗೇ, ಕೆಲವೇ ಮಿಲಿಮೀಟರ್ ದೂರದಲ್ಲಿ. ತಿರುಗಿಸುವ ಮೋಟಾರಿನಲ್ಲೂ ಅಯಸ್ಕಾಂತ. ಎಷ್ಟೋ ಪ್ಲೇಯರುಗಳಲ್ಲಿ ಡಿಸ್ಕನ್ನು ಒತ್ತಿ ಹಿಡಿಯುವುದೂ ಅದೇ. ಶುದ್ಧಿ ಮಾಡಿದ ಸೀಡಿಯನ್ನು ಮರುಕ್ಷಣ ಅಯಸ್ಕಾಂತಗಳ ನಡುವೆ ಕೂರಿಸುವುದು ಯಾವ ಮಡಿ?

ಸೀಡಿಯಲ್ಲಿ ಸಂಗೀತವಿರುವುದು 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟಿನಲ್ಲಿ ಅಚ್ಚಾದ ಸೂಕ್ಷ್ಮ ಗುಳಿಗಳಲ್ಲಿ. ಅವನ್ನು ಓದುವುದು ಬೆಳಕು. ಅಯಸ್ಕಾಂತದ ಭಯ ಕ್ಯಾಸೆಟ್ ಕಾಲದ್ದು, ಅಲ್ಲಿ ಅದು ನಿಜವೂ ಹೌದು: ಟೇಪಿನ ಮೇಲಿರುವುದೇ ಕಬ್ಬಿಣದ ಆಕ್ಸೈಡ್, ಹೆಡ್ಡಿಗೆ ಕಾಂತತ್ವ ಅಂಟಿಕೊಂಡರೆ ಮೇಲಿನ ಸ್ವರಗಳು ಮಂಕಾಗಿ ಹಿಸ್ ಹೆಚ್ಚುತ್ತಿತ್ತು. ಕ್ಯಾಸೆಟ್ ಹೋಯಿತು, ಭಯ ಉಳಿಯಿತು.

ಪರೀಕ್ಷೆಗೆ ಪ್ರಯೋಗಶಾಲೆ ಬೇಕಿಲ್ಲ. ಯಂತ್ರಕ್ಕೆ ಒಡ್ಡುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸೀಡಿಯನ್ನು ಕಂಪ್ಯೂಟರಿಗೆ ಇಳಿಸಿ ಫೈಲುಗಳನ್ನು ಹೋಲಿಸಿ. ಒಂದು ಬಿಟ್ಟೂ ವ್ಯತ್ಯಾಸವಿಲ್ಲದಿದ್ದರೆ ಡಿಸ್ಕಿನಿಂದ ಬಂದ ಸಂಗೀತ ಅದೇ. ‘ಪ್ಲೇಯರಿನಲ್ಲಿ ನುಡಿಸಿದಾಗಲೇ ವ್ಯತ್ಯಾಸ’ ಎನ್ನುವವರು, ಯಾವುದು ಶುದ್ಧಿಯಾದದ್ದು ಎಂದು ತಿಳಿಯದೆ ಹತ್ತಾರು ಸಲ ಕೇಳಿ ಗುರುತಿಸಲಿ. ಪಕ್ಕದ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಉಂಗುರ ಸೃಷ್ಟಿಸುವವರು ಅಂಗಿಯೊಳಗೆ ಅಡಗದ ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂಬ ಅವರ ಸವಾಲು ಈ ಭಾಗದವರಿಗೆ ಬಾಯಿಪಾಠ. ಬಾಬಾಗಳಿಗೆ ಕೇಳಿದ್ದನ್ನು ಆಡಿಯೊ ಕಂಪನಿಗಳಿಗೆ ಕೇಳಲು ಏಕೆ ಸಂಕೋಚ?

ಯಂತ್ರ ಕೊಳ್ಳುವವರ ದುಡ್ಡು ಅವರದು ಎನ್ನಬಹುದು. ನನ್ನ ತಕರಾರು ಆತಂಕ ದಾರಿ ತಪ್ಪಿದ್ದರ ಬಗ್ಗೆ. ರಸಿಕರು ಮನೆಯಲ್ಲಿ ಬರ್ನ್ ಮಾಡಿಟ್ಟ ಕಛೇರಿಗಳ ಸೀಡಿಗಳು ಕಾರ್ಖಾನೆಯ ಸೀಡಿಗಳಂತಲ್ಲ. ಅವುಗಳಲ್ಲಿ ಗುಳಿಯಿಲ್ಲ, ಸಾವಯವ ಬಣ್ಣದ ಪದರವಿದೆ. ಬಿಸಿಲು, ಸೆಕೆ, ತೇವಕ್ಕೆ ಅದು ಕೆಡುತ್ತದೆ. ಕಿಟಕಿ ಪಕ್ಕದ ಕಪಾಟಿನಲ್ಲಿ ಬೇರೆಲ್ಲೂ ಸಿಗದ ಧ್ವನಿಮುದ್ರಣ ಸದ್ದಿಲ್ಲದೆ ಅಳಿಯುತ್ತಿರುವಾಗ ಲೇಬಲಿನ ಶಾಯಿಯ ಚಿಂತೆಯೆ? ಖರ್ಚು ಮಾಡಲೇಬೇಕೆಂದಿದ್ದರೆ ಎಸ್.ಪಿ. ರಸ್ತೆಯಿಂದ ಎರಡು ಹಾರ್ಡ್ ಡಿಸ್ಕ್ ತಂದು ಎಲ್ಲವನ್ನೂ ಎರಡಕ್ಕೂ ಇಳಿಸಿ, ಒಂದನ್ನು ಮಗಳ ಮನೆಯಲ್ಲಿಡಿ. ಹಾಂ, ಅವನ್ನು ಮಾತ್ರ ಆ ಯಂತ್ರದ ಹತ್ತಿರ ಒಯ್ಯಬೇಡಿ. ಅವುಗಳಲ್ಲಿ ಸಂಗೀತ ಇರುವುದು ಕಾಂತತ್ವದಲ್ಲೇ.