ಚೋರಾರ್ಥಾದಾನಕ್ಕೆ ರಸೀದಿ

ವೆನೆಜುವೆಲಾ ದೇಶದ ನೆಲದಡಿಯಲ್ಲಿರುವಷ್ಟು ತೈಲ ಜಗತ್ತಿನ ಬೇರಾವ ದೇಶದಲ್ಲಿಯೂ ಲೆಕ್ಕಕ್ಕೆ ಸಿಕ್ಕಿಲ್ಲ. ಆದರೂ ಅಲ್ಲಿಂದ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಅನ್ನವನ್ನರಸಿ ಹೊರನಡೆದರು. 2024ರ ಜುಲೈ 28ರ ಅಧ್ಯಕ್ಷ ಚುನಾವಣೆಯಲ್ಲಿ ಮತಗಟ್ಟೆವಾರು ಎಣಿಕೆಯನ್ನು ಪ್ರಕಟಿಸದೆಯೇ ಅಧಿಕಾರಾರೂಢರು ಗೆದ್ದರೆಂದು ಸಾರಲಾಯಿತು. ಇದನ್ನೋದಿ ಮರುಗುವ ನಮ್ಮವರು ಬಳ್ಳಾರಿಯನ್ನು ಮರೆತಂತಿದೆ.

ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳು ಕರಗಿ ಬಂದರುಗಳ ಪಾಲಾದವು. ಗಣಿಯ ಹಣ ರಾಜ್ಯದ ರಾಜಕಾರಣವನ್ನು ಹೊಕ್ಕುದು ಯಾರಿಗೂ ಗುಟ್ಟಾಗಿರಲಿಲ್ಲ. 2008ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ 110ನ್ನು ಗೆದ್ದ ಪಕ್ಷಕ್ಕೆ ಬಹುಮತಕ್ಕೆ ಮೂರು ಸ್ಥಾನ ಸಾಲದಾಯಿತು. ಪಕ್ಷೇತರರ ಬೆಂಬಲ ದೊರೆತ ಬಳಿಕವೂ ತೃಪ್ತಿಯಿಲ್ಲದೆ, ವಿರೋಧಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ಅವರನ್ನೇ ತಮ್ಮ ಚಿಹ್ನೆಯಡಿ ಮರಳಿ ನಿಲ್ಲಿಸುವ ಪದ್ಧತಿ ಹುಟ್ಟಿತು. ಜನ ಅದನ್ನು ‘ಆಪರೇಷನ್ ಕಮಲ’ ಎಂದು ಕರೆದರು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಯು 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಎರಡು ದಿನಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಮತ್ತೆರಡು ದಿನಗಳಲ್ಲಿ ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು. ಹೊಲವನ್ನು ಕೆಂಧೂಳಿಗೆ ಒಪ್ಪಿಸಿ ಸಾಲದಿಂದ ಲಾರಿ ಕೊಂಡವನಿಗೆ ಉಳಿದದ್ದು ನಿಂತ ಲಾರಿ, ನಿಲ್ಲದ ಬಡ್ಡಿ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಎತ್ತಿನ ಮೇಲೆ ಮಿತಿಮೀರಿ ಹೇರಬಾರದೆಂಬ ಕಾಲದ ಮಾತು ಇದು. ಪರವಾನಗಿಗೆ ಮೀರಿ ಅದಿರು ಹೇರಿಕೊಂಡು ರಾತ್ರಿಯಿಡೀ ಓಡಿದ ಲಾರಿಗಳಿಗೆ ಇದಕ್ಕಿಂತ ನೇರವಾದ ಹೆಸರು ಬೇಕೆ? ಪರರ ಲಾಭವನ್ನು ಕಂಡು ಬಾಯಿ ಬಿಡುವ ವಿಸ್ಮಯವನ್ನೂ ಆಚಾರ್ಯರು ಬಿಟ್ಟಿಲ್ಲವೆಂಬುದನ್ನು ದಾನಿಗಳಿಗೆ ಹಾರ ಹಾಕುವವರು ಗಮನಿಸಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಚೋರಾರ್ಥಾದಾನ’ವೊಂದು. ಆದಾನವೆಂದರೆ ಕೊಳ್ಳುವುದು, ಕದ್ದವನಲ್ಲ, ಕದ್ದುದನ್ನು ಕೈನೀಡಿ ಸ್ವೀಕರಿಸಿದವನು ಇಲ್ಲಿ ದೋಷಿ. ಈ ದೋಷದಿಂದ ಬಸದಿಯ ಹುಂಡಿಗೆ ವಿನಾಯಿತಿಯುಂಟೆಂದು ಆ ಗ್ರಂಥದಲ್ಲಿ ಎಲ್ಲಿಯೂ ಇಲ್ಲ.

ಟ್ರಸ್ಟುಗಳ ಸಭೆಯಲ್ಲಿ ಇದಕ್ಕೆ ಸಿದ್ಧ ಉತ್ತರವುಂಟು: ಹಣಕ್ಕೆ ಮೈಲಿಗೆಯಿಲ್ಲ, ಜೀರ್ಣೋದ್ಧಾರ ನಿಲ್ಲಬಾರದು. ಹಾಗಾದರೆ ಮತಕ್ಕೆ ನೋಟು ಪಡೆದು ಮಗಳ ಮದುವೆ ಮಾಡಿದ ಬಡವನನ್ನು ಯಾವ ಬಾಯಿಂದ ಹಳಿಯುವುದು? ಅವನ ಉದ್ದೇಶವೂ ಒಳ್ಳೆಯದೇ. ಮೊದಲ ಕಲಶ ಹೆಚ್ಚು ಸವಾಲು ಕೂಗಿದವನಿಗೆ, ಅಧ್ಯಕ್ಷ ಪದವಿ ಹೆಚ್ಚು ದೇಣಿಗೆಯಿತ್ತವನಿಗೆ ಎಂದಾದಲ್ಲಿ ಬಳ್ಳಾರಿ ದೂರವೇನಲ್ಲ. ಹಿಂದಿನ ದತ್ತಿಶಾಸನಗಳು ಕೊಟ್ಟವನ ಹೆಸರಿನೊಡನೆ ಭೂಮಿ ಯಾವುದು, ಎಲ್ಲೆಗಳು ಯಾವುವು ಎಂಬುದನ್ನೂ ಕಲ್ಲಿನಲ್ಲಿ ಕಂಡರಿಸಿದವು. ಇಂದಿನ ರಸೀದಿಯಲ್ಲಿ ಮೊತ್ತವೊಂದೇ ಇರುತ್ತದೆ.

ನಮ್ಮ ಸೀಮೆಯಲ್ಲಿ ಅದಿರಿಲ್ಲವೆಂದು ಕಾಕನಕೋಟೆಯ ಆಸುಪಾಸಿನವರು ನಿಶ್ಚಿಂತರಾಗಬೇಕಿಲ್ಲ. 2008ರ ಆ ಪದ್ಧತಿ ಹುಣಸೂರಿಗೂ ಬಂದಿತು. 2019ರಲ್ಲಿ ರಾಜೀನಾಮೆಯಿತ್ತು ಅನರ್ಹಗೊಂಡ ಶಾಸಕರು ಆಳುವ ಪಕ್ಷದಿಂದ ಡಿಸೆಂಬರ್ 5ರ ಉಪಚುನಾವಣೆಗೆ ನಿಂತರು. ಹದಿನೈದು ಕ್ಷೇತ್ರಗಳ ಪೈಕಿ ಹನ್ನೆರಡರಲ್ಲಿ ಆ ಪಕ್ಷ ಗೆದ್ದಿತಾದರೂ ಹುಣಸೂರಿನ ಮತದಾರ ಒಪ್ಪಲಿಲ್ಲ. ಮತಪತ್ರದಲ್ಲಿ ತೋರಿದ ಆ ವಿವೇಕ ವಹಿವಾಟಿನಲ್ಲಿಯೂ ತೋರಬೇಕು. ಹುಣಸೂರು, ಪಿರಿಯಾಪಟ್ಟಣಗಳು ಬದುಕುವುದು ಬಹುಮಟ್ಟಿಗೆ ಹೊಗೆಸೊಪ್ಪೆಂಬ ಒಂದೇ ಬೆಳೆಯ ಮೇಲೆ. ಅದು ಕಳವಿನ ಸರಕಲ್ಲ, ನಿಜ. ತಂಬಾಕು ಮಂಡಳಿಯ ಪರವಾನಗಿಯಿಂದ ಬೆಳೆದು ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜಿಗೆ ಬರುವಂಥದು. ಆದರೆ ಬ್ಯಾರನ್ನುಗಳಲ್ಲಿ ಎಲೆ ಹದಗೊಳ್ಳಲು ಉರಿಯುವ ಸೌದೆ ಯಾವ ಕಾಡಿನದು? ಸಾಲದಲ್ಲಿ ಮುಳುಗಿದ ಬೆಳೆಗಾರನನ್ನು ಈ ಪ್ರಶ್ನೆ ಕೇಳುವುದು ಕ್ರೌರ್ಯ. ಅವನಿಗೆ ಸೌದೆ ಮಾರಿ, ಬಡ್ಡಿಗೆ ಹಣವಿತ್ತು, ಪರ್ಯೂಷಣದಲ್ಲಿ ಹಸುರು ತರಕಾರಿಯನ್ನೂ ವರ್ಜಿಸುವ ವರ್ತಕನನ್ನು ಕೇಳಬೇಕು.

ಐವತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಪ್ರತಿಯೊಂದು ದೇಣಿಗೆಗೂ ದಾನಿಯ ಉದ್ಯೋಗ, ಧನದ ಮೂಲಗಳನ್ನು ರಸೀದಿಯಲ್ಲಿ ನಮೂದಿಸುವುದು. ಕಲಶದ ಸವಾಲನ್ನು ನಿಲ್ಲಿಸಿ ಚೀಟಿ ಎತ್ತುವುದು. ನ್ಯಾಯಾಲಯದಲ್ಲಿ ಲೂಟಿಯ ಆಪಾದನೆ ಎದುರಿಸುತ್ತಿರುವವರ ಹಣವನ್ನು ತೀರ್ಪು ಬರುವವರೆಗೆ ಮುಟ್ಟದಿರುವುದು: ಈ ಮೂರು ನಿರ್ಣಯಗಳನ್ನು ಪ್ರತಿ ಬಸದಿಯ ಟ್ರಸ್ಟೂ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ವಿರೋಧಿಸುವ ಸದಸ್ಯರ ಹೆಸರುಗಳೂ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.