ಹೊಸ ಹೆದೆ ಕೊಳ್ಳುವ ಮೊದಲು ಹುರಿ ನೋಡೋಣ

ಬಿಲ್ಲುಗಾರಿಕೆ ಕಲಿಯಲು ಹೋದವರಿಗೆ ನಿಲ್ಲುವುದು, ಎಳೆಯುವುದು, ಗುರಿ ಇಡುವುದು ಎಲ್ಲವನ್ನೂ ಹೇಳಿಕೊಡುತ್ತಾರೆ. ಹೆದೆಯನ್ನು ಸರಿಮಾಡುವ ಮಾತು ಬಂದರೆ ಮಾತ್ರ "ಅದು ಕೋಚ್ ಕೆಲಸ, ನೀವು ಮುಟ್ಟಬೇಡಿ" ಎನ್ನುವವರೇ ಹೆಚ್ಚು. ಇದು ಸರಿಯಲ್ಲ. ಬಿಲ್ಲು ಹಿಡಿಯುವ ಪ್ರತಿಯೊಬ್ಬರಿಗೂ ಹೆದೆಯ ಹುರಿಯ ಲೆಕ್ಕ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಗೆಳತಿಯೊಬ್ಬಳು ಕಳೆದ ರಜೆಯಲ್ಲಿ ಒಂದು ಶಿಬಿರ ಸೇರಿದ್ದಳು. ಮೂರನೇ ದಿನಕ್ಕೆ ಅವಳ ಎಡ ಮುಂದೋಳು ನೀಲಿಗಟ್ಟಿತ್ತು. ಮೊಣಕೈ ತಿರುಗಿಸು ಎಂದರು, ತಿರುಗಿಸಿದಳು. ಆದರೂ ಹೆದೆ ಬಂದು ಬಡಿಯುತ್ತಲೇ ಇತ್ತು. "ಇದು ನನ್ನಂಥವರಿಗಲ್ಲ" ಎಂದು ಬಿಟ್ಟುಬಿಟ್ಟಳು. ಆಮೇಲೆ ಅಳೆದು ನೋಡಿದರೆ ಆ ಬಿಲ್ಲಿನ ಹೆದೆ ಹಿಡಿಕೆಗೆ ತೀರ ಹತ್ತಿರ ಬಂದಿತ್ತು. ಹತ್ತು ನಿಮಿಷದ ಕೆಲಸ ಮಾಡದೆ ಒಬ್ಬ ಆಟಗಾರ್ತಿಯನ್ನು ಕಳೆದುಕೊಂಡರು.

ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೆದೆ ಎಂದರೆ ಹಲವು ಎಳೆಗಳ ಕಟ್ಟು. ತಿರುಚಿದಾಗ ಪ್ರತಿ ಎಳೆಯೂ ನೇರ ದಾರಿ ಬಿಟ್ಟು ಸುತ್ತಿ ಬರುತ್ತದೆ. ಆದ್ದರಿಂದ ಹೆದೆಯ ಒಟ್ಟು ಉದ್ದ ಕಡಿಮೆಯಾಗುತ್ತದೆ. ಉದ್ದ ಕಡಿಮೆಯಾದರೆ ಬಿಲ್ಲು ಇನ್ನಷ್ಟು ಬಾಗಿ, ಹೆದೆಗೂ ಹಿಡಿಕೆಗೂ ನಡುವಿನ ಅಂತರ ಹೆಚ್ಚುತ್ತದೆ. ಈ ಅಂತರಕ್ಕೆ ಬ್ರೇಸ್ ಹೈಟ್ ಎನ್ನುತ್ತಾರೆ. 66 ಇಂಚಿನ ರಿಕರ್ವ್ ಬಿಲ್ಲಿಗೆ ಇದು ಸಾಮಾನ್ಯವಾಗಿ 8ರಿಂದ 9 ಇಂಚಿನ ನಡುವೆ ಇರುತ್ತದೆ. ಹೊಸ ಹೆದೆ ಮೊದಲ ದಿನಗಳಲ್ಲಿ ಹಿಗ್ಗುವುದರಿಂದ ಈ ಅಂತರ ತಾನಾಗಿಯೇ ಇಳಿಯುತ್ತದೆ. ಆಗ ಕೆಲವು ಸುತ್ತು ಸೇರಿಸಬೇಕು.

ಹಾಗೆಂದು ಹುರಿ ಹೆಚ್ಚಿದಷ್ಟೂ ಒಳ್ಳೆಯದು ಎಂದಲ್ಲ. ತೀರ ಕಡಿಮೆಯಾದರೆ ಎಳೆಗಳು ಒಂದಾಗಿ ನಿಲ್ಲದೆ ಹರಡಿಕೊಳ್ಳುತ್ತವೆ, ಭಾರ ಸಮನಾಗಿ ಹಂಚಿಹೋಗುವುದಿಲ್ಲ. ತೀರ ಹೆಚ್ಚಾದರೆ ಹೆದೆ ಸ್ಪ್ರಿಂಗಿನಂತೆ ಹಿಗ್ಗುತ್ತದೆ, ಬಾಣಕ್ಕೆ ಹೋಗಬೇಕಾದ ಶಕ್ತಿ ಅಲ್ಲೇ ಉಳಿಯುತ್ತದೆ. ಎಳೆಗಳು ಒಂದಕ್ಕೊಂದು ಉಜ್ಜಿ ಬೇಗ ಸವೆಯುತ್ತವೆ. ಅಂತರ ಹೆಚ್ಚಾದರೆ ಬಾಣ ಹೆದೆಯಿಂದ ಬೇಗ ಬಿಡುತ್ತದೆ, ವೇಗ ಸ್ವಲ್ಪ ಕಡಿಮೆ. ಅಂತರ ಕಡಿಮೆಯಾದರೆ ವೇಗ ಸ್ವಲ್ಪ ಹೆಚ್ಚು, ಆದರೆ ಕೈಯ ಸಣ್ಣ ಅಲುಗಾಟವೂ ಬಾಣಕ್ಕೆ ತಾಗುತ್ತದೆ, ಕೈಗೆ ಪೆಟ್ಟೂ ಬೀಳುತ್ತದೆ. ಎರಡರ ನಡುವಿನ ಹದವೇ ಬೇಕಾದದ್ದು.

ಇದನ್ನೆಲ್ಲ ಮಕ್ಕಳ ಕೈಗೆ ಕೊಟ್ಟರೆ ಸಾಮಾನು ಹಾಳಾಗುತ್ತದೆ ಎನ್ನುವವರಿದ್ದಾರೆ. ಕಾಂಪೌಂಡ್ ಬಿಲ್ಲಿನ ವಿಷಯದಲ್ಲಿ ಆ ಮಾತು ನಿಜ. ಅದಕ್ಕೆ ಪ್ರೆಸ್ ಯಂತ್ರ ಬೇಕು, ತಿಳಿದವರೇ ಮುಟ್ಟಬೇಕು. ರಿಕರ್ವ್ ಬಿಲ್ಲಿನಲ್ಲಿ ಹೆದೆ ಇಳಿಸಿ, ಒಂದು ತುದಿಯ ಕುಣಿಕೆಯನ್ನು ಬಿಡಿಸಿ, ನಡುವೆ ಸುತ್ತಿರುವ ದಾರ ಬಿಗಿಯಾಗುವ ದಿಕ್ಕಿಗೇ ತಿರುಚಿದರೆ ಸಾಕು. ಮತ್ತೆ ಏರಿಸಿ ಅಳೆಯಬೇಕು, ಬಾಣ ಕೂರಿಸುವ ಜಾಗವನ್ನೂ ಒಮ್ಮೆ ನೋಡಬೇಕು. ಎಳೆ ಹರಿದಿದ್ದರೆ ಮಾತ್ರ ಹುರಿ ಹಾಕಿ ಪ್ರಯೋಜನವಿಲ್ಲ, ಹೆದೆಯನ್ನೇ ಬದಲಿಸಬೇಕು.

ಕಾಮರ್ಸ್ ವಿದ್ಯಾರ್ಥಿಗೆ ಸವಕಳಿ ಎಂದರೆ ಖಾತೆಯಲ್ಲಿ ಬರೆಯುವ ಒಂದು ಸಾಲು. ಆದರೆ ಸರಿಯಾದ ಹುರಿ ಮತ್ತು ಆಗಾಗ ಹಚ್ಚಿದ ಮೇಣ ಇದ್ದರೆ ಆ ಸವಕಳಿಯನ್ನೇ ನಿಧಾನಗೊಳಿಸಬಹುದು. ಹುರಿಗೆ ಖರ್ಚೇ ಇಲ್ಲ.

ನಮ್ಮ ಕಾಲೇಜಿನಲ್ಲೂ ಬಿಲ್ಲುಗಾರಿಕೆ ಶುರು ಮಾಡುವ ಮಾತು ಕೇಳಿಬರುತ್ತಿದೆ. ಶುರುವಾದರೆ ದೈಹಿಕ ಶಿಕ್ಷಣ ವಿಭಾಗದಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಅಳತೆಪಟ್ಟಿ ಇರಲಿ. ಪ್ರತಿ ಬಿಲ್ಲಿಗೂ ಒಂದು ಪುಸ್ತಕವಿಟ್ಟು ಅಂತರವನ್ನೂ ಸುತ್ತಿನ ಸಂಖ್ಯೆಯನ್ನೂ ಬರೆಯುವ ಕೆಲಸ ವಿದ್ಯಾರ್ಥಿಗಳದ್ದಾಗಲಿ. ನಮ್ಮನ್ನು ಹುರಿದುಂಬಿಸಿ, ಜೊತೆಗೆ ಹುರಿ ಹಾಕುವುದನ್ನೂ ಕಲಿಸಿ. ಯಾರಾದರೂ ಕೈ ನೋವೆಂದು ಹೇಳಿದರೆ, ಅವರನ್ನು ಮನೆಗೆ ಕಳಿಸುವ ಮೊದಲು ಹೆದೆ ಅಳೆದು ನೋಡಿ.